ತಾಳಿಕೊಂಡ ಬಿಸಿ ಎಲ್ಲಿಗೆ ಹೋಗುತ್ತದೆ?

ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೇಳುವ ಬುದ್ಧಿಮಾತುಗಳನ್ನೆಲ್ಲ ತಕ್ಕಡಿಗೆ ಹಾಕಿ ತೂಗಿದರೆ ಎಲ್ಲಕ್ಕಿಂತ ಭಾರವಾಗುವ ಮಾತು ಒಂದೇ: ‘ಸ್ವಲ್ಪ ತಾಳ್ಕೊಳಮ್ಮ.’ ಮದುವೆಯಾಗಿ ಹೊರಡುವಾಗ ತಾಯಿ ಹೇಳುತ್ತಾಳೆ, ತವರಿಗೆ ಬಂದು ಅತ್ತಾಗ ಅಜ್ಜಿ ಹೇಳುತ್ತಾಳೆ, ಕೆಲಸದ ಜಾಗದಲ್ಲಿ ಜೊತೆಯವರು ಹೇಳುತ್ತಾರೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಗಂಡಸಿನ ಹೆಸರಿನಲ್ಲಿದ್ದರೂ ಅದನ್ನು ದಿನವೂ ಕೇಳಿಸಿಕೊಂಡು ಬೆಳೆದವರು ನಾವು. ಸಹನೆ ದೊಡ್ಡ ಗುಣ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಬಹಳ ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. ನಾವು ನುಂಗಿಕೊಂಡ ಬಿಸಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ಒಳಗೇ ಆರಿ ತಣ್ಣಗಾಗುತ್ತದೆಯೇ? ಅಥವಾ ಎಲ್ಲೋ ಕೂತು ಕಾಯುತ್ತದೆಯೇ? ಕಾದು ಕೂತದ್ದು ಒಂದು ದಿನ ಹೊರಗೆ ಬಂದರೆ ತಪ್ಪು ಯಾರದು?

ಈ ಪ್ರಶ್ನೆಗೆ ನನಗೆ ಒಂದಿಷ್ಟು ಬೆಳಕು ಸಿಕ್ಕಿದ್ದು ಪುರಾಣದಿಂದಲೂ ಅಲ್ಲ, ಪ್ರವಚನದಿಂದಲೂ ಅಲ್ಲ. ಹತ್ತನೇ ತರಗತಿಯ ವಿಜ್ಞಾನದ ಪಾಠದಿಂದ. ನಾನು ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡ ಮತ್ತು ಸಮಾಜ ಹೇಳಿಕೊಡುವುದು ನನ್ನ ಕೆಲಸ. ವರ್ಗಾವಣೆಯ ದೆಸೆಯಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ನೀರು ಕುಡಿದಿದ್ದೇನೆ. ಹಳ್ಳಿ ಶಾಲೆಗಳ ಕಷ್ಟ ನಿಮಗೆ ಗೊತ್ತೇ ಇದೆ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದರೆ ಇರುವವರೇ ಆ ತರಗತಿಯನ್ನೂ ನೋಡಿಕೊಳ್ಳಬೇಕು. ಹಾಗೆ ಒಮ್ಮೆ ರಾಸಾಯನಿಕ ಕ್ರಿಯೆಗಳ ಪಾಠ ನನ್ನ ಪಾಲಿಗೆ ಬಂತು.

ಪಾಠದಲ್ಲಿ ಒಂದು ಪುಟ್ಟ ಪ್ರಯೋಗವಿದೆ. ಬೀಕರಿನಲ್ಲಿ ಚೂರು ಸುಟ್ಟ ಸುಣ್ಣ ಹಾಕಿ, ಮೇಲೆ ನಿಧಾನವಾಗಿ ನೀರು ಬಿಡಬೇಕು. ಬಿಟ್ಟೆ. ಸುಣ್ಣ ಬುಸುಗುಟ್ಟಿತು, ಬಿರಿಯಿತು, ಹಬೆಯಾಡಿತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಗಾಜನ್ನು ಹೊರಗಿನಿಂದ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು. ‘ಒಲೆನೇ ಇಲ್ದೆ ಬಿಸಿಯಾಯ್ತಲ್ಲ ಮಿಸ್!’ ಎಂದಳು ಒಬ್ಬಳು. ‘ಹಾಗಾದರೆ ಬಿಸಿ ಎಲ್ಲಿಂದ ಬಂತು?’ ಎಂದು ಕೇಳಿದೆ. ‘ನೀರಿಂದ’ ಎಂದರು ಮುಂದಿನ ಬೆಂಚಿನವರು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಎದ್ದು ನಿಂತ. ಅವರ ಮನೆಯವರು ತಲೆಮಾರಿನಿಂದ ಗೋಡೆಗೆ ಸುಣ್ಣ ಬಳಿಯುವವರು. ‘ಇಲ್ಲ ಮಿಸ್, ಬಿಸಿ ಬಂದಿರೋದು ಗೂಡಿಂದ. ಸುಡುವಾಗ ಕುಡ್ಕೊಂಡಿತ್ತು, ಈಗ ಕಕ್ತಾ ಅದೆ ಅಂತಾರೆ ನಮ್ಮ ತಾತ’ ಎಂದ.

ಆ ತಾತನಿಗೆ ರಸಾಯನಶಾಸ್ತ್ರದ ಹೆಸರೂ ಗೊತ್ತಿರಲಿಕ್ಕಿಲ್ಲ. ಆದರೆ ಅವರು ಹೇಳಿದ್ದು ಅಕ್ಷರಶಃ ಸರಿ. ಆಮೇಲೆ ವಿಜ್ಞಾನದ ಮೇಷ್ಟ್ರನ್ನು ಕೂರಿಸಿಕೊಂಡು ನಾನು ಲೆಕ್ಕ ಕೇಳಿ ತಿಳಿದುಕೊಂಡೆ. ಅಡಿಗೆಮನೆಯ ಲೆಕ್ಕದಷ್ಟೇ ಸರಳವಾಗಿದೆ, ನೀವೂ ಕೇಳಿ.

ನೂರು ಗ್ರಾಂ ಶುದ್ಧ ಸುಣ್ಣದ ಕಲ್ಲನ್ನು ತೆಗೆದುಕೊಳ್ಳೋಣ. ಅದನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹಿಡಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಕಲ್ಲನ್ನು ಬರಿದೇ ಕಾಯಿಸಲು ಹಿಡಿಯುವ ಶಾಖ ಬೇರೆ. ಅದು ಕಲ್ಲು ಆರಿದಾಗ ಹೊರಟುಹೋಗುತ್ತದೆ. ಕಲ್ಲಿನ ಒಳಗಿನ ಬಂಧವನ್ನು ಬಿಡಿಸಲು ಸುಮಾರು 178 ಕಿಲೋಜೂಲ್ ಬೇಕು. ಈ 178 ಆರುವುದಿಲ್ಲ. ಗೂಡಿನಿಂದ ತೆಗೆದ ಸುಣ್ಣ ಕೈಗೆ ತಣ್ಣಗಿರುತ್ತದೆ, ಮೂಟೆಯಲ್ಲಿ ತುಂಬಿ ಗಾಡಿಗೆ ಹಾಕಬಹುದು, ತಿಂಗಳುಗಟ್ಟಲೆ ಮೂಲೆಯಲ್ಲಿಡಬಹುದು. ನೋಡಿದವರಿಗೆ ಬಿಳಿಯ ಉಂಡೆ, ಅಷ್ಟೇ. ಶಾಖವನ್ನು ಹೀಗೆ ಒಳಗೆಳೆದುಕೊಳ್ಳುವ ಕ್ರಿಯೆಗೆ ಪಾಠದಲ್ಲಿ ಅಂತರುಷ್ಣಕ ಎಂದು ಹೆಸರು. ಹೊರಗೆ ಬಿಡುವುದಕ್ಕೆ ಬಹಿರುಷ್ಣಕ ಎಂದು.

ನೀರು ಬಿದ್ದಾಗ ಆ 56 ಗ್ರಾಂ ಸುಣ್ಣದಿಂದ ಸುಮಾರು 65 ಕಿಲೋಜೂಲ್ ಒಮ್ಮೆಲೇ ಹೊರಬರುತ್ತದೆ. ಒಂದು ಕಿಲೋ ಸುಣ್ಣವಾದರೆ, ಮೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಬಿಸಿ. ಸುಣ್ಣ ಅರಳಿಸುವವರು ಮಕ್ಕಳನ್ನು ದೂರ ಕಳಿಸುತ್ತಿದ್ದುದು ಸುಮ್ಮನೆ ಅಲ್ಲ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಆದರೂ ನಮ್ಮ ಜನ ಇದಕ್ಕೆ ಇಟ್ಟ ಮಾತು ನೋಡಿ: ಸುಣ್ಣ ಸಿಡಿಯಿತು ಎನ್ನಲಿಲ್ಲ, ಉರಿಯಿತು ಎನ್ನಲಿಲ್ಲ, ‘ಅರಳಿತು’ ಎಂದರು.

ಕೆ.ಆರ್. ಪೇಟೆಯಲ್ಲಿ ನಾವಿದ್ದ ಬೀದಿಯಲ್ಲಿ ಒಬ್ಬ ಹೆಂಗಸು ಇದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವರ ಬಾಯಿಂದ ಜೋರು ಮಾತು ಕೇಳಿದವರಿಲ್ಲ. ಬಂದ ನೆಂಟರೆಲ್ಲ ‘ಸೊಸೆ ಅಂದ್ರೆ ಹಿಂಗಿರಬೇಕು ಕಣವ್ವ’ ಎಂದು ಬೆರಳು ಮಾಡಿ ತೋರಿಸುವ ಮನೆ ಅದು. ಒಂದು ಮಧ್ಯಾಹ್ನ ಊಟಕ್ಕೆ ಕೂತ ಗಂಡ ‘ಸಾರಿಗೆ ಉಪ್ಪು ಹಾಕೋದೂ ನಿಮ್ಮಮ್ಮ ಕಲಿಸಿಲ್ವಾ?’ ಎಂದರು. ಅಷ್ಟೇ. ಸಾರಿನ ಪಾತ್ರೆ ಅಂಗಳಕ್ಕೆ ಬಂತು, ಹಿಂದೆಯೇ ಆಕೆಯ ಕೂಗು ಬಂತು. ಒಂದು ಗಂಟೆ ಹೊತ್ತು ಇಪ್ಪತ್ತೆರಡು ವರ್ಷಗಳೂ ಒಂದೊಂದಾಗಿ ಬೀದಿಗೆ ಬಂದವು. ಸಂಜೆ ನಲ್ಲಿಯ ಹತ್ತಿರ ಎಲ್ಲರದೂ ಒಂದೇ ಮಾತು: ‘ಅಷ್ಟಕ್ಕೇ ಇಷ್ಟೊಂದಾ?’

ಅಷ್ಟಕ್ಕೇ ಎನ್ನುವುದು ನೀರಿನ ಲೆಕ್ಕ. ಗೂಡಿನ ಲೆಕ್ಕವನ್ನು ಯಾರೂ ಕೇಳಲಿಲ್ಲ. ನೀರು ಹೊಯ್ದದ್ದು ಎಲ್ಲರ ಕಣ್ಣಿಗೂ ಕಂಡಿತು. ಗೂಡು ಊರಾಚೆ ಇತ್ತು. ಅದು ಉರಿದಾಗ ನೋಡಲು ಯಾರೂ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷ ಅವರನ್ನು ಹೊಗಳಿದ ಬೀದಿಯೇ ಒಂದು ಮಧ್ಯಾಹ್ನದಲ್ಲಿ ಅವರನ್ನು ಜಗಳಗಂಟಿ ಮಾಡಿತು.

ಹಾಗೆಂದು ತಾಳ್ಮೆಯೆಲ್ಲ ಕೆಟ್ಟದ್ದು ಎನ್ನಲು ನಾನು ಹೊರಟಿಲ್ಲ. ಬಿಸಿಯನ್ನು ಒಳಗೆಳೆದುಕೊಳ್ಳುವ ಕೆಲಸವನ್ನು ನಮ್ಮ ಸೀಮೆಯ ಕಬ್ಬಿನ ಎಲೆಯೂ ಮಾಡುತ್ತದೆ. ಪಾಂಡವಪುರದ ನಾಲೆಯ ಬಯಲಿನಲ್ಲಿ ನಿಂತ ಕಬ್ಬು ಬಿಸಿಲನ್ನು ಕುಡಿದು, ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ನೆಲದ ನೀರನ್ನೂ ಸೇರಿಸಿ ಸಿಹಿ ಮಾಡುತ್ತದೆ. ನಾಗಮಂಗಲದ ಬೆದ್ದಲಿನಲ್ಲಿ ಮಳೆ ನಂಬಿ ನಿಂತ ರಾಗಿಯೂ ಇದೇ ಕೆಲಸ ಮಾಡುತ್ತದೆ. ಇದೂ ಅಂತರುಷ್ಣಕ ಕ್ರಿಯೆಯೇ. ಶಾಸ್ತ್ರದ ಕಣ್ಣಿಗೆ ಗೂಡಿನ ಕಲ್ಲೂ ಹೊಲದ ಎಲೆಯೂ ಒಂದೇ ಪಂಕ್ತಿಯವು. ಆದರೆ ನನ್ನ ಕಣ್ಣಿಗೆ ಒಂದು ವ್ಯತ್ಯಾಸ ಕಾಣುತ್ತದೆ. ಎಲೆ ತಾನಾಗಿ ಬಿಸಿಲಿನ ಕಡೆಗೆ ತಿರುಗುತ್ತದೆ. ಕುಡಿದ ಬಿಸಿಲಿನಿಂದ ತಾನೂ ಬೆಳೆಯುತ್ತದೆ. ಕಲ್ಲನ್ನು ತಂದು ಗೂಡಿಗೆ ಹಾಕುತ್ತಾರೆ. ಅದು ತನ್ನ ತೂಕದ ಅರ್ಧದ ಹತ್ತಿರ ಕಳೆದುಕೊಂಡು ಹೊರಗೆ ಬರುತ್ತದೆ.

ಜ್ವರದ ಮಗುವಿನ ಪಕ್ಕ ರಾತ್ರಿಯೆಲ್ಲ ಎದ್ದು ಕೂತ ತಾಯಿಯ ತಾಳ್ಮೆ ಎಲೆಯದು. ಹಾಸಿಗೆ ಹಿಡಿದ ಅತ್ತೆಗೆ ಮನಸ್ಸಿಟ್ಟು ಅನ್ನ ಕಲಸಿ ತಿನ್ನಿಸುವ ಸೊಸೆಯದೂ ಎಲೆಯದೇ. ಬೆಳಿಗ್ಗೆ ಎದ್ದರೆ ಅವಳಿಗೆ ಆಯಾಸವಿರಬಹುದು, ಕಹಿ ಇರುವುದಿಲ್ಲ. ಬಂದವರೆದುರಿಗೆ ತವರನ್ನು ಹಳಿದಾಗ ಹಲ್ಲುಕಚ್ಚಿ ನಿಂತವಳ ತಾಳ್ಮೆ ಬೇರೆ. ದುಡಿದ ಸಂಬಳದ ಲೆಕ್ಕವನ್ನು ಕಳ್ಳಿಯಂತೆ ಒಪ್ಪಿಸಬೇಕಾದವಳ ತಾಳ್ಮೆ ಬೇರೆ. ಅವು ಗೂಡಿನ ಕಲ್ಲಿನವು. ನಮ್ಮ ತೊಂದರೆಯೇನೆಂದರೆ, ಎರಡಕ್ಕೂ ಒಂದೇ ಹೆಸರಿಟ್ಟು, ಒಂದಕ್ಕೆ ಸಲ್ಲಬೇಕಾದ ಮಾಲೆಯನ್ನು ಇನ್ನೊಂದರ ಕೊರಳಿಗೆ ಹಾಕಿಬಿಡುತ್ತೇವೆ. ಮಾಲೆ ಬಿದ್ದ ಮೇಲೆ ‘ನನಗೆ ಸುಡುತ್ತಿದೆ’ ಎನ್ನುವುದು ಇನ್ನೂ ಕಷ್ಟ.

ಒಳಗೆ ಹೋದ ಬಿಸಿ ಹೊರಗೆ ಬರಲೇಬೇಕೆಂದರೆ, ಹೇಗೆ ಬಂದರೆ ಒಳ್ಳೆಯದು? ಇಲ್ಲಿ ಇನ್ನೊಂದು ನಿಯಮ ನನ್ನ ನೆರವಿಗೆ ಬಂತು. ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ಕೆಲಸ ಮಾಡಿದ ಜರ್ಮೇನ್ ಹೆಸ್ ಎಂಬ ವಿಜ್ಞಾನಿ 1840ರಲ್ಲಿ ಒಂದು ಮಾತು ಹೇಳಿದ. ಒಂದು ವಸ್ತು ಇನ್ನೊಂದಾಗುವಾಗ ಒಂದೇ ಜಿಗಿತದಲ್ಲಿ ಹೋಗಲಿ, ಹತ್ತು ಮೆಟ್ಟಿಲು ಇಳಿದು ಹೋಗಲಿ, ಕೊಟ್ಟು ಪಡೆದ ಶಾಖದ ಒಟ್ಟು ಮೊತ್ತ ಒಂದೇ. ಒಂದು ಗ್ರಾಂ ಸಕ್ಕರೆಯನ್ನು ಬೆಂಕಿಯಲ್ಲಿ ಪೂರ್ತಿ ಉರಿಸಿದರೂ ಸುಮಾರು ನಾಲ್ಕು ಕಿಲೋಕ್ಯಾಲರಿ, ತಿಂದು ಅರಗಿಸಿದರೂ ಸುಮಾರು ನಾಲ್ಕೇ. ಬೆಂಕಿಯಲ್ಲಿ ಅದು ಕ್ಷಣದಲ್ಲಿ ಮುಗಿಯುತ್ತದೆ. ನಮ್ಮ ಮೈ ಮಾತ್ರ ಅದನ್ನು 37 ಡಿಗ್ರಿಯಲ್ಲಿ, ಎಷ್ಟೋ ಸಣ್ಣ ಸಣ್ಣ ಹಂತಗಳಲ್ಲಿ ಬಿಡಿಸಿಕೊಂಡು, ನಡೆಯುವುದಕ್ಕೆ, ಯೋಚಿಸುವುದಕ್ಕೆ, ಮಗುವನ್ನು ಎತ್ತಿಕೊಳ್ಳುವುದಕ್ಕೆ ಹಂಚುತ್ತದೆ. ಮೊತ್ತ ಒಂದೇ ಆದರೂ ಬದುಕು ಇರುವುದು ಮೆಟ್ಟಿಲುಗಳಲ್ಲಿ.

ಶ್ರೀರಂಗಪಟ್ಟಣದಲ್ಲಿ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಇಂಗ್ಲಿಷರ ಸೈನ್ಯದ ನಡುವೆ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಅದರಲ್ಲಿ ಕಾಣಬಹುದು. ಮದ್ದಿನಲ್ಲಿರುವುದು ಇದ್ದಿಲು, ಗಂಧಕ, ಪೆಟ್ಲುಪ್ಪು. ಅದೇ ಇದ್ದಿಲು ನಮ್ಮ ಅಗ್ಗಿಷ್ಟಿಕೆಯಲ್ಲಿ ಗಾಳಿಯ ಆಮ್ಲಜನಕವನ್ನು ಮೆಲ್ಲಗೆ ಪಡೆದು ಗಂಟೆಗಟ್ಟಲೆ ಉರಿದು ಹಾಲು ಕಾಯಿಸುತ್ತದೆ. ಮದ್ದಿನಲ್ಲಿ ಪೆಟ್ಲುಪ್ಪು ಆಮ್ಲಜನಕವನ್ನು ಪಕ್ಕದಲ್ಲೇ ಹಿಡಿದುಕೊಂಡಿರುವುದರಿಂದ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿಯುತ್ತದೆ. ತೂಕಕ್ಕೆ ತೂಕ ನೋಡಿದರೆ ಬರೀ ಇದ್ದಿಲೇ ಮದ್ದಿಗಿಂತ ಹೆಚ್ಚು ಶಾಖ ಕೊಡುತ್ತದೆ. ಕೊಲ್ಲುವುದು ಶಾಖದ ಪ್ರಮಾಣವಲ್ಲ, ಅದರ ಅವಸರ.

ಅದೇ ಊರಿನಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿದೆ. ರೈಲು ಹಳಿಯನ್ನು ಜೋಡಿಮಾರ್ಗ ಮಾಡುವಾಗ ಅಡ್ಡ ಬಂತೆಂದು 2017ರಲ್ಲಿ ಅದನ್ನು ಒಡೆಯದೆ, ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಒಳಗೆ ತುಂಬಿಡುತ್ತಿದ್ದದ್ದು ಕ್ಷಣದಲ್ಲಿ ಸಿಡಿಯುವ ಮದ್ದು. ಅದನ್ನು ಕಾಯುತ್ತಿದ್ದ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಮದ್ದು ಎಂದೋ ಹೋಯಿತು. ಗೋಡೆಯನ್ನು ಎತ್ತಿ ಸರಿಸಿದರೂ ಬಿದ್ದುಹೋಗಲಿಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯೂ ಸುಣ್ಣಕ್ಕೆ ಸುಟ್ಟ ಜೇಡಿಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ನಿಂತಿದೆ. ಆ ಗಾರೆ ನಿಧಾನವಾಗಿ, ನೀರಿನಲ್ಲೂ ಗಟ್ಟಿಯಾಗುತ್ತ ಹೋಗುವಂಥದ್ದು.

ಇಲ್ಲಿಗೆ ನಮ್ಮ ಸುಣ್ಣದ ಲೆಕ್ಕಕ್ಕೆ ಮರಳಬಹುದು. ಗೂಡಿನಲ್ಲಿ ಕುಡಿದದ್ದು 178. ನೀರು ಬಿದ್ದಾಗ ಬುಸುಗುಟ್ಟಿ ಕೊಟ್ಟದ್ದು 65. ಉಳಿದ 113 ಎಲ್ಲಿ? ಗೋಡೆಗೆ ಬಳಿದ ಮೇಲೆ ಅರಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲಗೆ ವಾಪಸು ಪಡೆದು ಮತ್ತೆ ಕಲ್ಲಾಗುತ್ತದೆ. ತೆಳುವಾಗಿ ಬಳಿದ ಸುಣ್ಣಕ್ಕೆ ಎರಡು ಮೂರು ದಿನದಲ್ಲೇ ಹೊಳಪು ಬರುವುದು ಇದರಿಂದ; ದಪ್ಪ ಗಾರೆಯ ಒಳಗೆ ಈ ಕೆಲಸ ವರ್ಷಗಳ ಕಾಲ ನಡೆಯುತ್ತದೆ. ಆ 113 ಹೊರಬರುವುದು ಆಗಲೇ. ಬುಸುಗುಟ್ಟಿ ಬಂದದ್ದಕ್ಕಿಂತ ಇದು ಹೆಚ್ಚು! ಆದರೂ ಗೋಡೆ ಮುಟ್ಟಿದ ಯಾರ ಕೈಯೂ ಸುಡುವುದಿಲ್ಲ. ಮೊದಲ 65 ಕಣ್ಣು ಕಳೆಯಬಲ್ಲದು. ಕೊನೆಯ 113 ಮನೆಯನ್ನು ನಿಲ್ಲಿಸುತ್ತದೆ.

ಹೋಲಿಕೆಯನ್ನು ಎಷ್ಟು ದೂರ ಎಳೆಯಬೇಕೋ ಅಷ್ಟೇ ಎಳೆಯಬೇಕು. ಸುಣ್ಣಕ್ಕೆ ಆಯ್ಕೆಯಿಲ್ಲ, ನಮಗಿದೆ. ಗೂಡಿನಲ್ಲಿ ಪಡೆದ ಬಿಸಿಯನ್ನು ಸುಣ್ಣ ಗೂಡಿಗೆ ಹಿಂತಿರುಗಿಸುವುದಿಲ್ಲ. ಸಿಕ್ಕಿದ ನೀರಿಗೆ ಕೊಡುತ್ತದೆ. ನಮ್ಮ ಮನೆಗಳಲ್ಲೂ ಹಾಗೇ ಆಗುತ್ತದೆ. ಅತ್ತೆಯಿಂದ ಪಡೆದದ್ದನ್ನು ಅತ್ತೆಗೆ ಕೊಡಲಾಗದವಳು ಕಾದು ಕೂತು ಸೊಸೆಗೆ ಕೊಡುತ್ತಾಳೆ. ‘ನಾನು ತಾಳಿಲ್ವಾ? ಅವಳೂ ತಾಳಲಿ’ ಎನ್ನುವ ಮಾತಿನಲ್ಲಿ ಎರಡು ತಲೆಮಾರಿನ ಗೂಡು ಉರಿಯುತ್ತಿರುತ್ತದೆ. ಕಚೇರಿಯಲ್ಲಿ ಬೈಸಿಕೊಂಡವರು ಮನೆಗೆ ಬಂದು ಹೆಂಡತಿಗೆ, ಹೆಂಡತಿ ಮಕ್ಕಳಿಗೆ. ಶಾಲೆಯಲ್ಲಿ ಕೆಲವು ಮಕ್ಕಳು ಪಕ್ಕದವನನ್ನು ಏಕೆ ಗುದ್ದುತ್ತಾರೆಂದು ವಿಚಾರಿಸುತ್ತ ಹೋದರೆ ದಾರಿ ಮನೆಯ ಹಿತ್ತಲಿಗೆ ಹೋಗಿ ನಿಲ್ಲುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬಿಸಿ ನಮ್ಮ ಮೇಲೆ ಬಿದ್ದದ್ದು ನಮ್ಮ ತಪ್ಪಲ್ಲ. ಅದು ನಮ್ಮಿಂದ ಯಾರ ಮೇಲೆ ಬೀಳುತ್ತದೆ ಎನ್ನುವುದರಲ್ಲಿ ಮಾತ್ರ ನಮ್ಮ ಪಾಲೂ ಇದೆ. ಕೆ.ಆರ್. ಪೇಟೆಯ ಆ ಹೆಂಗಸಿನ ಬಗ್ಗೆ ಒಂದು ಮಾತು ಹೇಳಲೇಬೇಕು: ಇಪ್ಪತ್ತೆರಡು ವರ್ಷದ ನಂತರವಾದರೂ ಅವರ ಬಿಸಿ ಬಂದದ್ದು ಗೂಡಿನ ಕಡೆಗೇ. ಮಕ್ಕಳ ಮೇಲೆ ಅವರು ಎಂದೂ ಕೈಮಾಡಿದ್ದಿಲ್ಲ.

ನನ್ನ ಮಗಳು ಮೈಸೂರಿನಲ್ಲಿದ್ದಾಳೆ. ಮದುವೆಯಾದ ಹೊಸದರಲ್ಲಿ ಒಂದು ರಾತ್ರಿ ಫೋನು ಮಾಡಿದಳು. ‘ಅಮ್ಮ, ದೊಡ್ಡ ವಿಷಯ ಏನಲ್ಲ ಬಿಡು. ಬಂದೋರ ಮುಂದೆ ನನ್ನ ಕೆಲಸದ ಬಗ್ಗೆ ಹಂಗಿಸಿ ನಗ್ತಾರೆ. ಇವರೂ ನಗ್ತಾರೆ’ ಎಂದಳು. ‘ಸ್ವಲ್ಪ ತಾಳ್ಕೊ ಮಗಳೇ’ ಎಂಬ ಮಾತು, ನನ್ನ ತಾಯಿ ನನಗೆ ಹೇಳಿದ್ದು, ಅವಳ ತಾಯಿ ಅವಳಿಗೆ ಹೇಳಿದ್ದು, ನಾಲಿಗೆಯ ತುದಿಗೆ ಬಂದಿತ್ತು. ನಾನು ಬೇರೆ ಕೇಳಿದೆ. ‘ಇದನ್ನ ಅವನಿಗೆ ಹೇಳಿದ್ಯಾ?’ ‘ಇಲ್ಲಮ್ಮ, ಇಷ್ಟು ಸಣ್ಣದಕ್ಕೆ ಏನು ಹೇಳೋದು?’ ‘ಸಣ್ಣದಾಗಿರೋವಾಗಲೇ ಹೇಳಬೇಕು. ಅಳಬೇಡ, ಕೂಗಬೇಡ. ಊಟ ಆದ್ಮೇಲೆ ಕೂತ್ಕೊಂಡು, ಹೀಗಂದಿದ್ದು ನನಗೆ ನೋವಾಯ್ತು ಅಂತ ಅಷ್ಟೇ ಹೇಳು. ಮತ್ತೆ ಆದ್ರೆ ಮತ್ತೆ ಹೇಳು.’

ಹೇಳಿದಳಂತೆ. ಎರಡು ದಿನ ಅವನು ಮುಖ ಊದಿಸಿಕೊಂಡಿದ್ದನಂತೆ. ಮನೆ ಮುರಿಯಲಿಲ್ಲ, ಸ್ವರ್ಗವೂ ಆಗಲಿಲ್ಲ. ಕೆಲವು ತಿಂಗಳ ಮೇಲೆ ಯಾರೋ ಮತ್ತೆ ಹಂಗಿಸಿದಾಗ ಅವನು ನಗದೆ ಮಾತು ಬದಲಿಸಿದನಂತೆ. ಅಷ್ಟು. ಆ ‘ಅಷ್ಟು’ ಎಷ್ಟು ದೊಡ್ಡದೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇದು ಮಾತಿನಿಂದ ಸರಿಹೋಗುವ ಮನೆಗಳ ವಿಚಾರ. ಕೈ ಎತ್ತುವ ಮನೆಯಲ್ಲಿ ತಾಳ್ಮೆಯ ಚರ್ಚೆಯೇ ಬೇಡ. ಅಲ್ಲಿ ಗೂಡಿನಿಂದ ಕಲ್ಲನ್ನು ಹೊರಗೆ ತೆಗೆಯುವುದೇ ಮೊದಲ ಕೆಲಸ. ಅದಕ್ಕೆಂದೇ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಇದೆ, ಫೋನಿನಲ್ಲಿ 181 ಇದೆ. ಇದನ್ನು ನೆರೆಯವಳಿಗೆ ತಿಳಿಸುವುದೂ ನೆರೆತನವೇ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುತ್ತಾರೆ. ಉಂಡು ಮಲಗುವುದರೊಳಗೆ ಹೇಳಿ ಮುಗಿಸಿದ ಜಗಳಕ್ಕೆ ಈ ಗಾದೆ ಒಪ್ಪುತ್ತದೆ. ಹೇಳದೆ ಮಲಗಿದ ಜಗಳ ಬೂದಿ ಮುಚ್ಚಿದ ಕೆಂಡ. ಅದು ಮರುದಿನದ ಒಲೆಗೆ ಉಳಿದುಕೊಳ್ಳುತ್ತದೆ. ಒಂದೊಂದು ದಿನದ ಬಿಸಿಯನ್ನು ಅಂದಂದೇ, ಸಲ್ಲಬೇಕಾದವರ ಮುಂದೆ, ಸಣ್ಣ ದನಿಯಲ್ಲಿ ಬಿಡುವುದನ್ನು ನಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕಲಿಸುವುದಾದರೆ ಅದನ್ನು ಸಹನೆಯ ಕೊರತೆ ಎಂದು ನಾನು ಕರೆಯಲಾರೆ. ಅರಳಿದ ಸುಣ್ಣ ಗೋಡೆಯಲ್ಲಿ ಮಾಡುವುದೂ ಅದನ್ನೇ.

ಇನ್ನು ಕೇಳಿಸಿಕೊಳ್ಳುವ ನಮ್ಮ ಪಾಲಿಗೆ ಇರುವುದು ಚಿಕ್ಕ ಕೆಲಸ. ಇನ್ನೊಮ್ಮೆ ನಮ್ಮ ಬೀದಿಯಲ್ಲೋ ಬಳಗದಲ್ಲೋ ತಣ್ಣಗಿದ್ದವಳೊಬ್ಬಳು ಒಂದು ಲೋಟ ನೀರಿನಂಥ ಮಾತಿಗೆ ಕೊತಕೊತ ಕುದ್ದರೆ, ‘ಅಷ್ಟಕ್ಕೇ ಇಷ್ಟೊಂದಾ?’ ಎನ್ನುವ ಮೊದಲು ಅವಳ ಪಕ್ಕ ಕೂತು ಕೇಳೋಣ: ‘ಎಷ್ಟು ದಿನದಿಂದ?’